ಮಂಡಿ ಸವೆತಕ್ಕೆ ಬುಡಾಪೆಸ್ಟಿನ ಬಿಸಿನೀರಿನ ಸ್ನಾನ: ನಿಜವಾಗಿ ಉಪಯೋಗವಿದೆಯೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ನಿಮಿತ್ತ ಹಂಗೇರಿಯ ಬುಡಾಪೆಸ್ಟಿನಲ್ಲಿ ನೆಲೆಸಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ನನ್ನ ತಾಯಿ ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದು ಎರಡು ತಿಂಗಳು ನಮ್ಮ ಜೊತೆ ಇರಲಿದ್ದಾರೆ. ಅವರಿಗೆ 66 ವರ್ಷ. ಎರಡೂ ಮಂಡಿಗಳು ಸವೆದಿವೆ. ಶಿವಮೊಗ್ಗದ ಮೂಳೆ ತಜ್ಞರು ಎಕ್ಸ್-ರೇ ನೋಡಿ, ಶಸ್ತ್ರಚಿಕಿತ್ಸೆಗೆ ಸದ್ಯ ಅವಸರವಿಲ್ಲ, ತೂಕ ಇಳಿಸಿ ವ್ಯಾಯಾಮ ಮಾಡಿ ಎಂದಿದ್ದಾರೆ. ಆದರೆ ನೋವಿನಿಂದಾಗಿ ನಡೆಯುವುದೇ ಕಡಿಮೆಯಾಗಿರುವಾಗ ವ್ಯಾಯಾಮ ಎಲ್ಲಿಂದ ಬರಬೇಕು? ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ಸುಲಿನ್ ಇಲ್ಲ.

ಇಲ್ಲಿನ ಸಹೋದ್ಯೋಗಿಗಳು ಮಂಡಿನೋವು ಎಂದ ಕೂಡಲೇ ಬಿಸಿನೀರಿನ ಸ್ನಾನಗೃಹಕ್ಕೆ ಕರೆದುಕೊಂಡು ಹೋಗಲು ಹೇಳುತ್ತಾರೆ. ವೈದ್ಯರೇ ಚೀಟಿ ಬರೆದುಕೊಟ್ಟು ರೋಗಿಗಳನ್ನು ಅಲ್ಲಿಗೆ ಕಳುಹಿಸುವ ಪದ್ಧತಿ ಇಲ್ಲಿದೆ. ನನಗೆ ಮೂರು ಸಂಶಯಗಳಿವೆ. ಇದರಿಂದ ಸವೆದ ಮಂಡಿಗೆ ನಿಜವಾಗಿ ಉಪಯೋಗವಾಗುತ್ತದೆ ಎಂಬುದಕ್ಕೆ ಆಧಾರವಿದೆಯೇ? ಉಪಯೋಗವಿದ್ದರೆ ಅದು ನೀರಿನಲ್ಲಿರುವ ಖನಿಜಗಳದ್ದೋ, ಅಥವಾ ಬಚ್ಚಲ ಹಂಡೆಯ ಬಿಸಿನೀರಿನಿಂದಲೂ ಅಷ್ಟೇ ಫಲ ಸಿಗುತ್ತದೆಯೋ? ಕೊನೆಯದಾಗಿ, ಕೆಲವು ಕಡೆ ಆ ನೀರನ್ನು ಕುಡಿಯಲೂ ಕೊಡುತ್ತಾರೆ. ಅಮ್ಮ ಅದನ್ನು ಕುಡಿಯಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಡ್ಯಾನ್ಯೂಬ್ ದಂಡೆಯವ:

ನಮಸ್ಕಾರ. ನಾನೂ ಇದೇ ದೇಶದಲ್ಲಿ ಬಹಳ ವರ್ಷಗಳಿಂದ ಇರುವವನು. ವೈದ್ಯನಲ್ಲವಾದ್ದರಿಂದ ಮೊದಲಿನ ಎರಡು ಪ್ರಶ್ನೆಗಳನ್ನು ಬಲ್ಲವರಿಗೆ ಬಿಟ್ಟು, ಸ್ಥಳದ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಪ್ರವಾಸಿಗರೆಲ್ಲ ಹೋಗುವುದು ಸೇಚೆನಿ ಸ್ನಾನಗೃಹಕ್ಕೆ. 1913ರಲ್ಲಿ ಆರಂಭವಾದ ಹಳದಿ ಬಣ್ಣದ ಆ ಕಟ್ಟಡ ನೋಡಲು ಅರಮನೆಯಂತಿದೆ. ಅದಕ್ಕೆ ನೀರು ಬರುವುದು ಕೊರೆದ ಬಾವಿಗಳಿಂದ. 1938ರ ಬಾವಿ 1,246 ಮೀಟರ್ ಆಳವಿದ್ದು, ಮೇಲೆ ಬರುವಾಗ ಅದರ ನೀರು ಸುಮಾರು 76 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದನ್ನು ತಣಿಸಿ ಬೇರೆ ಬೇರೆ ಕೊಳಗಳಿಗೆ ಬೇರೆ ಬೇರೆ ಶಾಖದಲ್ಲಿ ಬಿಡುತ್ತಾರೆ. ಎದೆಮಟ್ಟದ ನೀರಿನಲ್ಲಿ ನಿಂತು ಚದುರಂಗ ಆಡುವ ಮುದುಕರ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಆದರೆ ವಾರಾಂತ್ಯದಲ್ಲಿ ಅಲ್ಲಿ ವಿಪರೀತ ಜನಜಂಗುಳಿ. ಮಂಡಿನೋವಿನ ಹಿರಿಯರಿಗೆ ಅದು ಹೇಳಿದ ಜಾಗವಲ್ಲ.

ನನ್ನ ಮಟ್ಟಿಗೆ ನದಿಯ ಪಶ್ಚಿಮ ದಂಡೆಯ ಬುಡಾ ಭಾಗದಲ್ಲಿರುವ ಲೂಕಾಚ್ ಸ್ನಾನಗೃಹ ಹೆಚ್ಚು ಯೋಗ್ಯ. ಅದು ಮೊದಲಿನಿಂದಲೂ ಕೀಲುನೋವಿನವರ ಸ್ನಾನಗೃಹವೆಂದೇ ಹೆಸರಾದದ್ದು. ಅದರ ಅಂಗಳದ ಗೋಡೆಯ ಮೇಲೆ ಸಾಲಾಗಿ ಅಮೃತಶಿಲೆಯ ಫಲಕಗಳಿವೆ. ಇಲ್ಲಿ ಗುಣಮುಖರಾದವರು ಬೇರೆ ಬೇರೆ ಭಾಷೆಗಳಲ್ಲಿ ಬರೆಯಿಸಿ ನೆಡಿಸಿದ ಕೃತಜ್ಞತೆಯ ಫಲಕಗಳು. ನಮ್ಮ ಕಡೆ ಹರಕೆ ತೀರಿದ ಮೇಲೆ ದೇವಸ್ಥಾನಕ್ಕೆ ಗಂಟೆ ಕಟ್ಟುವುದಿಲ್ಲವೇ, ಹಾಗೆ. ನೀವು ಹೇಳಿದ ಕುಡಿಯುವ ನೀರಿನ ಕೋಣೆಯೂ ಅಲ್ಲಿದೆ.

ವೈದ್ಯರ ಚೀಟಿಯ ಮೇಲೆ ರಿಯಾಯಿತಿ ಸಿಗುವುದು ಇಲ್ಲಿನ ಸಾಮಾಜಿಕ ವಿಮೆ ಇರುವವರಿಗೆ ಮಾತ್ರ. ತಾಯಿಯವರು ಸಂದರ್ಶಕರಾಗಿ ಬರುವುದರಿಂದ ಪೂರ್ತಿ ಹಣ ಕೊಡಬೇಕಾಗುತ್ತದೆ. ಒಮ್ಮೊಮ್ಮೆ ಬೇರೆಯಾಗಿ ಟಿಕೆಟ್ ಕೊಳ್ಳುವ ಬದಲು ಹಲವು ಸಲದ ಟಿಕೆಟ್ ಇದೆಯೇ ಎಂದು ವಿಚಾರಿಸಿ. ಸೀರೆಯಲ್ಲಿ ನೀರಿಗೆ ಬಿಡುವುದಿಲ್ಲ. ತೋಳು, ಕಾಲು ಮುಚ್ಚುವ ಈಜುಡುಗೆ ಬೆಂಗಳೂರಿನಲ್ಲೇ ಸಿಗುತ್ತದೆ, ಹೊರಡುವ ಮೊದಲೇ ಕೊಂಡುಕೊಂಡರೆ ಅಮ್ಮನ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬಾರದು, ನೀರಿಗಿಳಿಯುವ ಮುನ್ನ ಸೋಪು ಹಚ್ಚಿ ಮೈ ತೊಳೆಯಬೇಕು. ಇನ್ನೊಂದು ಮಾತು: ಬೆಳ್ಳಿಯ ಕಾಲುಂಗುರವನ್ನು ಮನೆಯಲ್ಲೇ ತೆಗೆದಿಡಲು ಹೇಳಿ. ನೀರಿನಲ್ಲಿ ಗಂಧಕದ ಅಂಶವಿರುವುದರಿಂದ ಬೆಳ್ಳಿ ಕಪ್ಪಾಗುತ್ತದೆ. ನನ್ನ ಅತ್ತೆಯವರ ಕಾಲುಂಗುರಗಳು ಒಂದೇ ಸ್ನಾನಕ್ಕೆ ಕಪ್ಪಿಟ್ಟು, ಅವರು ಅದನ್ನು ಅಪಶಕುನವೆಂದೇ ತಿಳಿದು ಬೇಸರಪಟ್ಟಿದ್ದರು. ಅಲ್ಲಿರುವುದು ಬರಿಯ ಸಿಲ್ವರ್ ಸಲ್ಫೈಡ್, ತಿಕ್ಕಿದರೆ ಹೋಗುತ್ತದೆ.

ಸಮಯವಿದ್ದರೆ ಹೇವೀಜ್‌ಗೂ ಕರೆದುಕೊಂಡು ಹೋಗಿ. 4.4 ಹೆಕ್ಟೇರು ವಿಸ್ತಾರದ ಸಹಜ ಬಿಸಿನೀರಿನ ಕೆರೆ ಅದು, ಬುಗ್ಗೆ ಇರುವಲ್ಲಿ 38 ಮೀಟರ್ ಆಳ. ನೀರಿನ ಮೇಲೆ ಭಾರತ ಮೂಲದ ಕೆಂಪು ನೈದಿಲೆ ತೇಲುತ್ತಿರುತ್ತದೆ. ಪಕ್ಕದಲ್ಲೇ ಕೀಲುರೋಗಗಳ ಆಸ್ಪತ್ರೆಯಿದೆ. ಕುತ್ತಿಗೆಗೆ ಆಧಾರ ಕೊಟ್ಟು ರೋಗಿಯನ್ನು ನೀರಿನಲ್ಲಿ ನೇತುಬಿಟ್ಟು ಬೆನ್ನೆಲುಬನ್ನು ಮೆಲ್ಲಗೆ ಹಿಗ್ಗಿಸುವ ವಿಧಾನವನ್ನು ಕಾರೊಯ್ ಮೋಲ್ ಎಂಬ ವೈದ್ಯರು 1953ರಲ್ಲಿ ರೂಪಿಸಿದ್ದು ಇಲ್ಲಿಯೇ. ಅದು ಬೆನ್ನಿನ ತೊಂದರೆಗೆ ಸಂಬಂಧಿಸಿದ್ದು, ನಿಮ್ಮ ತಾಯಿಗೆ ಬೇಕಾದದ್ದಲ್ಲ.

ಫಿಸಿಯೋ ಮೈಸೂರು:

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಮಂಡಿ ಸವೆತದ ರೋಗಿಗಳೊಂದಿಗೆ ದಿನವೂ ಕೆಲಸ ಮಾಡುವವಳು ನಾನು.

ಮೂಳೆಗಳ ತುದಿಯಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ಸವೆದ ಮೇಲೆ ಅದನ್ನು ಯಾವ ನೀರೂ ಮತ್ತೆ ಬೆಳೆಸುವುದಿಲ್ಲ. ಇದನ್ನು ತಾಯಿಯವರಿಗೆ ಮೊದಲೇ ತಿಳಿಸಿಬಿಡಿ, ಇಲ್ಲವಾದರೆ ನಿರೀಕ್ಷೆ ದೊಡ್ಡದಾಗಿ ನಿರಾಶೆಯೂ ದೊಡ್ಡದಾಗುತ್ತದೆ. ಆದರೆ ನೋವು ಮತ್ತು ಬಿಗಿತ ಕಡಿಮೆಯಾಗಿ ಓಡಾಟ ಸುಲಭವಾಗುವ ಸಾಧ್ಯತೆ ಇದೆ, ಮತ್ತು ಅದಕ್ಕೆ ಸಾಕಷ್ಟು ಗಂಭೀರವಾದ ಅಧ್ಯಯನಗಳೂ ಇವೆ. ಫ್ರಾನ್ಸಿನಲ್ಲಿ ಮಂಡಿ ಸವೆತದ 462 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವನ್ನೇ ತೆಗೆದುಕೊಳ್ಳಿ. ಎರಡೂ ಗುಂಪಿನವರಿಗೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಹೇಳಿಕೊಟ್ಟು, ಎಂದಿನ ಚಿಕಿತ್ಸೆಯನ್ನೂ ಮುಂದುವರಿಸಿ, ಒಂದು ಗುಂಪಿಗೆ ಮಾತ್ರ ಹೆಚ್ಚುವರಿಯಾಗಿ ಮೂರು ವಾರಗಳಲ್ಲಿ 18 ದಿನ ಬಿಸಿನೀರಿನ ಬುಗ್ಗೆಯ ಚಿಕಿತ್ಸೆ ಕೊಡಲಾಯಿತು. ಆರು ತಿಂಗಳ ನಂತರ ನೋಡಿದಾಗ, ಗಮನಾರ್ಹ ಸುಧಾರಣೆ ಕಂಡವರು ಸ್ನಾನದ ಗುಂಪಿನಲ್ಲಿ ಶೇ. 50.4, ಇನ್ನೊಂದು ಗುಂಪಿನಲ್ಲಿ ಶೇ. 36.4. ಅಂದರೆ ನೂರು ಜನರನ್ನು ಕಳುಹಿಸಿದರೆ, ವ್ಯಾಯಾಮದಿಂದಲೇ ಸುಧಾರಿಸುತ್ತಿದ್ದವರನ್ನು ಬಿಟ್ಟು, ಇನ್ನೂ ಹದಿನಾಲ್ಕು ಜನರಿಗೆ ಪ್ರಯೋಜನವಾಯಿತು ಎಂದರ್ಥ. ಇದು ಪವಾಡವಲ್ಲ, ಹಾಗೆಂದು ತಳ್ಳಿಹಾಕುವಷ್ಟು ಸಣ್ಣದೂ ಅಲ್ಲ. ನೋವಿನ ಮಾತ್ರೆಗಳ ಹೊಟ್ಟೆಯುರಿ, ಮೂತ್ರಪಿಂಡದ ಭಯ ಇಲ್ಲಿಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಸವೆತದ ಬಗ್ಗೆ ಹೇಳಿದ್ದನ್ನು, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತಕ್ಕೆ ಅನ್ವಯಿಸಬಾರದು. ಆ ಕಾಯಿಲೆಗೆ ಸಂಬಂಧಿಸಿದ ಅಧ್ಯಯನಗಳನ್ನು 2015ರಲ್ಲಿ ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಸಮೀಕ್ಷೆಗೆ, ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ.

ಇನ್ನು ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ದೇಹತೂಕದ ಹತ್ತನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ, ಸೊಂಟದ ಮಟ್ಟದ ನೀರಿನಲ್ಲಾದರೆ ಸುಮಾರು ಅರ್ಧಕ್ಕೆ. ನೆಲದ ಮೇಲೆ ಹತ್ತು ಹೆಜ್ಜೆ ಇಡಲು ಅಂಜುವವರು ನೀರಿನಲ್ಲಿ ಸಲೀಸಾಗಿ ಅತ್ತಿಂದಿತ್ತ ನಡೆಯುತ್ತಾರೆ. ಬಿಸಿಯಿಂದ ತೊಡೆಯ ಸ್ನಾಯುಗಳು ಸಡಿಲವಾಗುತ್ತವೆ, ನೋವಿನ ಅರಿವು ತಗ್ಗುತ್ತದೆ. ಹಂಡೆಯ ನೀರನ್ನು ಚೊಂಬಿನಲ್ಲಿ ಹೊಯ್ದುಕೊಂಡಾಗ ಬಿಸಿ ತಾಗುತ್ತದೆಯೇ ಹೊರತು ಈ ಭಾರ ಇಳಿಯುವ ಲಾಭ ಸಿಗುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದೇ. ಉಳಿದರ್ಧ ಖನಿಜಗಳದ್ದು. ಹಂಗೇರಿಯಲ್ಲೇ ಕೆಲವು ವೈದ್ಯರು, ಒಂದು ಗುಂಪಿಗೆ ಬುಗ್ಗೆಯ ನೀರನ್ನೂ ಇನ್ನೊಂದಕ್ಕೆ ಅಷ್ಟೇ ಬಿಸಿಮಾಡಿದ ನಲ್ಲಿ ನೀರನ್ನೂ ಯಾರಿಗೂ ಗೊತ್ತಾಗದಂತೆ ಕೊಟ್ಟು ಹೋಲಿಸಿ ನೋಡಿದ್ದಾರೆ. ನಲ್ಲಿ ನೀರಿನವರಿಗೂ ಆರಾಮವಾಗಿದೆ. ಬುಗ್ಗೆಯ ನೀರಿನವರಿಗೆ ಆ ಆರಾಮ ಸ್ವಲ್ಪ ಹೆಚ್ಚಾಗಿ, ಹೆಚ್ಚು ಕಾಲ ಉಳಿದಂತೆ ಕಂಡಿದೆ. ಆದರೆ ಅವು ಸಣ್ಣ ಸಣ್ಣ ಗುಂಪುಗಳ ಅಧ್ಯಯನಗಳು. ಹೆಚ್ಚಿನ ಪಾಲು ಬಿಸಿಗೂ ತೇಲುವಿಕೆಗೂ ಸಲ್ಲಬೇಕು, ಖನಿಜಗಳ ಪಾಲು ಇದ್ದರೂ ಸಣ್ಣದು ಎಂಬುದು ನನ್ನ ಅಭಿಪ್ರಾಯ.

ರಕ್ತದೊತ್ತಡದ ಬಗ್ಗೆ ಮಾತ್ರ ಎಚ್ಚರ ಬೇಕು. ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒತ್ತಡದ ಮಾತ್ರೆಯೂ ಬಹುಪಾಲು ಅದೇ ಕೆಲಸ ಮಾಡುತ್ತದೆ. ನೀರಿನಲ್ಲಿರುವಷ್ಟು ಹೊತ್ತು ಹೊರಗಿನಿಂದ ಬೀಳುವ ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆಗೆ ನೂಕುತ್ತಿರುತ್ತದೆ. ಥಟ್ಟನೆ ಎದ್ದು ಮೆಟ್ಟಿಲು ಹತ್ತಿದರೆ ಆ ಆಸರೆ ತಪ್ಪಿ, ರಕ್ತ ಕಾಲಿಗಿಳಿದು, ತಲೆಸುತ್ತು ಬರುತ್ತದೆ. ಒದ್ದೆ ಕಲ್ಲಿನ ಮೇಲೆ ಬಿದ್ದರೆ ಮಂಡಿಗೆ ಹೋದವರು ಸೊಂಟ ಮುರಿದುಕೊಂಡು ಬರಬೇಕಾದೀತು. ಆದ್ದರಿಂದ 34ರಿಂದ 36 ಡಿಗ್ರಿಯ ಕೊಳವನ್ನೇ ಆರಿಸಿಕೊಳ್ಳಿ, ಒಂದು ಸಲಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಮೊದಲು ಕಡಿಮೆ ಆಳದ ಮೆಟ್ಟಿಲ ಮೇಲೆ ಒಂದೆರಡು ನಿಮಿಷ ಕುಳಿತು, ನಂತರ ಕಂಬಿ ಹಿಡಿದು ಹೊರಬರಲಿ. ನೀವು ಜೊತೆಗಿರಬೇಕು. ಎದೆನೋವು, ಉಸಿರುಗಟ್ಟುವಿಕೆ, ಜ್ವರ, ಕಾಲಿನಲ್ಲಿ ಹುಣ್ಣು ಇದ್ದ ದಿನ ನೀರಿಗಿಳಿಯುವುದೇ ಬೇಡ.

ಸಂಶಯಾತ್ಮ:

ಲೂಕಾಚಿನ ಫಲಕಗಳ ಬಗ್ಗೆ ಒಂದು ಮಾತು. ಗುಣವಾಗದವರು ಫಲಕ ನೆಡುವುದಿಲ್ಲ. ಜೊತೆಗೆ, ಮಂಡಿ ಸವೆತದ ನೋವು ಏರಿಳಿಯುವಂಥದು. ಜನ ಸ್ನಾನಕ್ಕೆ ಹೋಗುವುದು ನೋವು ಅತ್ಯಂತ ಹೆಚ್ಚಾಗಿರುವಾಗ, ಆದ್ದರಿಂದ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಅದು ಇಳಿಯುತ್ತಿತ್ತು. ಮೇಲೆ ಹೇಳಿದ ಫ್ರೆಂಚ್ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರುವುದರಿಂದ ಈ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ, ಒಪ್ಪುತ್ತೇನೆ. ಆದರೆ ತಾನು ಸ್ನಾನ ಮಾಡಿದ್ದೇನೋ ಇಲ್ಲವೋ ಎಂಬುದು ರೋಗಿಗೆ ಗೊತ್ತೇ ಇರುತ್ತದೆ. ಮೂರು ವಾರ ಸ್ನಾನಗೃಹಕ್ಕೆ ಹೋಗಿ, ಆರೈಕೆ ಮಾಡುವವರ ನಡುವೆ ವಿಶ್ರಾಂತಿ ಪಡೆದು ಬಂದವರು ತಮಗೆ ಹಿತವಾಗಿದೆ ಎನ್ನದೆ ಇನ್ನೇನು ಅಂದಾರು? ಹದಿನಾಲ್ಕು ಜನರಲ್ಲಿ ಎಷ್ಟು ಮಂದಿಯದು ನೀರಿನ ಫಲ, ಎಷ್ಟು ಮಂದಿಯದು ವಿಶ್ರಾಂತಿಯ ಫಲ ಎಂದು ಆ ಅಧ್ಯಯನ ಬಿಡಿಸಿ ಹೇಳಲಾರದು.

ಫಿಸಿಯೋ ಮೈಸೂರು:

ಸಂಶಯಾತ್ಮ ಅವರ ಆಕ್ಷೇಪ ಸರಿಯಾಗಿದೆ. ಆದರೆ ಚಿಕಿತ್ಸೆ ಕೊಡುವವಳಾಗಿ ನನಗೆ ಆ ವಿಶ್ರಾಂತಿಯೂ ಬೇಕಾದದ್ದೇ. ನಮ್ಮಲ್ಲಿ ಅರವತ್ತು ದಾಟಿದ ಹೆಂಗಸರು ಮಂಡಿ ಊದಿಕೊಂಡಿದ್ದರೂ ನೆಲ ಸಾರಿಸುವುದನ್ನು, ಕುಕ್ಕರಗಾಲಿನಲ್ಲಿ ಕೂತು ತರಕಾರಿ ಹೆಚ್ಚುವುದನ್ನು ಬಿಡುವುದಿಲ್ಲ. ಅದರಿಂದ ಅವರನ್ನು ಮೂರು ವಾರ ದೂರವಿಡುವ ಯಾವ ನೆಪಕ್ಕೂ ನನ್ನ ಬೆಂಬಲವಿದೆ.

ನೆಲದಡಿಯ ನೀರು:

ನಾನು ನಿವೃತ್ತ ಭೂವಿಜ್ಞಾನಿ, ಊರು ಪುತ್ತೂರಿನ ಬಳಿ. ನೀರಿನೊಳಗೆ ಏನಿರುತ್ತದೆ ಎಂಬುದರ ಬಗ್ಗೆಯೂ ಮೂರನೆಯ ಪ್ರಶ್ನೆಯ ಬಗ್ಗೆಯೂ ಬರೆಯುತ್ತೇನೆ.

ಬುಡಾಪೆಸ್ಟಿನ ಬಿಸಿನೀರು ಮೂಲತಃ ಮಳೆನೀರೇ. ಬುಡಾ ಬೆಟ್ಟಗಳ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ ಬಹಳ ಆಳಕ್ಕೆ ಇಳಿದು, ಕಾದು, ಡ್ಯಾನ್ಯೂಬಿನ ಅಂಚಿನ ಸ್ತರಭಂಗದ (ನೆಲದಾಳದ ಕಲ್ಲಿನ ಪದರಗಳು ಸೀಳಿ ಸರಿದ ಜಾಗದ) ಮೂಲಕ ಮೇಲೇರಿ ಬರುತ್ತದೆ. ಹಂಗೇರಿಯ ಕೆಳಗೆ ಭೂಮಿಯ ಹೊರಪದರ ಸಾಮಾನ್ಯಕ್ಕಿಂತ ತೆಳುವಾಗಿದೆ. ಬೇರೆ ಕಡೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 30 ಡಿಗ್ರಿ ಶಾಖ ಏರಿದರೆ, ಅಲ್ಲಿ ಬಹಳ ಕಡೆ 45 ಡಿಗ್ರಿಗೂ ಹೆಚ್ಚು ಏರುತ್ತದೆ. ಬಿಸಿಯಾದ ನೀರು ದಾರಿಯುದ್ದಕ್ಕೂ ಕಲ್ಲನ್ನು ಕರಗಿಸಿಕೊಂಡು ಬರುವುದರಿಂದ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್, ಸಲ್ಫೇಟ್ ತುಂಬಿರುತ್ತವೆ. ಇವು ಚರ್ಮದ ಮೂಲಕ ಮಂಡಿಯೊಳಗೆ ಇಳಿಯುತ್ತವೆ ಎಂದು ಕರಪತ್ರಗಳಲ್ಲಿ ಬರೆದಿರುವುದನ್ನು ನಂಬಬೇಡಿ. ನೀರು ಮತ್ತು ಉಪ್ಪು ಒಳಗೆ ಬಾರದಂತೆ ತಡೆಯುವುದೇ ಚರ್ಮದ ಕೆಲಸ.

ಕುಡಿಯುವ ನೀರಿನ ಮಾತು ಬೇರೆ. ಅಲ್ಲಿ ಖನಿಜವೇ ಔಷಧ, ಆದ್ದರಿಂದ ಪ್ರಮಾಣವೂ ಮುಖ್ಯ. ಬುಡಾಪೆಸ್ಟಿನಿಂದಲೇ ಬರುವ ಹುನ್ಯಾದಿ ಯಾನೋಶ್ ಎಂಬ ಕಹಿನೀರನ್ನು ಆಂಡ್ರಾಶ್ ಸಾಕ್ಸ್‌ಲೆಹ್ನರ್ ಎಂಬುವವರು 1863ರಿಂದ ಬಾಟಲಿ ತುಂಬಿ ಮಾರತೊಡಗಿ ಪ್ರಪಂಚಕ್ಕೆಲ್ಲ ಕಳುಹಿಸಿದರು. ಅದರಲ್ಲಿ ಮೆಗ್ನೀಸಿಯಂ ಸಲ್ಫೇಟ್ ಮತ್ತು ಸೋಡಿಯಂ ಸಲ್ಫೇಟ್ ಧಾರಾಳವಾಗಿವೆ. ಮೊದಲನೆಯದು ನಮ್ಮ ಔಷಧಿ ಅಂಗಡಿಯ ಭೇದಿ ಉಪ್ಪೇ. ಕರುಳಿನಲ್ಲಿ ಹೀರಿಕೆಯಾಗದೆ ಉಳಿದು ನೀರನ್ನು ತನ್ನೊಂದಿಗೆ ಹಿಡಿದಿಟ್ಟುಕೊಳ್ಳುವುದರಿಂದ ಮಲಬದ್ಧತೆಗೆ ನಿಜವಾಗಿಯೂ ಕೆಲಸ ಮಾಡುತ್ತದೆ. ಮಂಡಿಗೆ ಇದರಿಂದ ಏನೂ ಆಗದು. ತಾಯಿಯವರು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವಂಥದು ಇದ್ದರೆ, ಅದರ ಮೇಲೆ ಇದನ್ನೂ ಕುಡಿದಾಗ ದೇಹದ ನೀರು ಬತ್ತುವ ಅಪಾಯವಿದೆ. ಇನ್ನು ಕೆಲವು ನೀರುಗಳಲ್ಲಿ ಸೋಡಿಯಂ ಹೆಚ್ಚು. ಫ್ರಾನ್ಸಿನ ವಿಶಿ ಸೆಲೆಸ್ತೈನ್ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ. ಉಪ್ಪಿನಕಾಯಿ, ಹಪ್ಪಳ ಬಿಡಿ ಎಂದು ಹೇಳಿಸಿಕೊಂಡವರು ಅದನ್ನು ಬಾಟಲಿಗಟ್ಟಲೆ ಕುಡಿಯಬಾರದು. ಐರೋಪ್ಯ ಒಕ್ಕೂಟದ ನಿಯಮದಂತೆ ಬಾಟಲಿಯ ಮೇಲೆ ಖನಿಜಗಳ ಪ್ರಮಾಣ ನಮೂದಾಗಿರುತ್ತದೆ. ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇದ್ದರೆ ಅದು ಉಪ್ಪು ಕಡಿಮೆ ತಿನ್ನಬೇಕಾದವರಿಗೆ ಯೋಗ್ಯವೆಂದು ಬರೆಯಲು ಅನುಮತಿಯಿದೆ. ಮನೆಬಳಕೆಗೆ ಅಂಥದನ್ನೇ ಕೊಂಡುಕೊಳ್ಳಿ. ನಾವು ಬಸ್ ನಿಲ್ದಾಣದಲ್ಲಿ ಕೊಳ್ಳುವ ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಬಹುಪಾಲು ಐಎಸ್ (ಭಾರತೀಯ ಮಾನದಂಡ) 14543 ಗುರುತಿನ ಶುದ್ಧೀಕರಿಸಿದ ನೀರು. ಬುಗ್ಗೆಯ ಖನಿಜಯುಕ್ತ ನೀರಿಗೆ ನಮ್ಮಲ್ಲಿ ಐಎಸ್ 13428 ಎಂಬ ಬೇರೆಯೇ ಮಾನದಂಡವಿದೆ.

ಖನಿಜವಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಹೇಗೆ ಬಂತೋ ಕಾಣೆ. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ಫ್ಲೋರೈಡೂ ಕಲ್ಲಿನಿಂದ ಸಹಜವಾಗಿ ಕರಗಿ ಬಂದ ಖನಿಜವೇ. ಅದು ಹಲ್ಲು, ಮೂಳೆಗಳನ್ನು ಹಾಳುಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಳೆಯ ಸ್ನಾನಚಿಕಿತ್ಸೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇಂಗ್ಲೆಂಡಿನ ಬಾತ್ ಪಟ್ಟಣದ್ದು. ಹದಿನೆಂಟನೆಯ ಶತಮಾನದಲ್ಲಿ ಸೀಸದ ವಿಷದಿಂದ ಕೈಕಾಲು ಬಿದ್ದುಹೋದ ಬಣ್ಣಗಾರರು, ಕೊಳಾಯಿ ಕೆಲಸದವರು ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದರು, ಅನೇಕರು ಸುಧಾರಿಸಿಕೊಂಡು ಹೋಗುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಪರೀಕ್ಷಿಸಿ ನೋಡಿದಾಗ, ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತವರ ಮೂತ್ರ ಹೆಚ್ಚಾಗಿ, ಅದರೊಂದಿಗೆ ಸೀಸವೂ ಹೆಚ್ಚು ಹೊರಹೋಗುತ್ತಿತ್ತು ಎಂದು ತಿಳಿಯಿತು. ರೋಗಿಗಳು ಕೆಲಸದಿಂದ ದೂರವಿದ್ದುದರಿಂದ ಹೊಸ ಸೀಸ ಒಳಸೇರುವುದೂ ನಿಂತಿರುತ್ತಿತ್ತು. ಅದೇ ಬಾತ್‌ನಲ್ಲಿ 1978ರಲ್ಲಿ ಈಜಿದ ಬಾಲಕಿಯೊಬ್ಬಳು ನೆಗ್ಲೇರಿಯಾ ಎಂಬ ಅಮೀಬಾದ ಸೋಂಕು ಮೂಗಿನಿಂದ ಮಿದುಳಿಗೇರಿ ತೀರಿಕೊಂಡ ಮೇಲೆ ಸ್ನಾನಗಳನ್ನು ಮುಚ್ಚಲಾಯಿತು. ಹೊಸದಾಗಿ ಬಾವಿ ಕೊರೆದು, ಹೊಸ ಸ್ನಾನಗೃಹ ಕಟ್ಟಿ ಮತ್ತೆ ತೆರೆದದ್ದು 2006ರಲ್ಲಿ.

ಇದನ್ನು ಹೇಳುವುದಕ್ಕೆ ಕಾರಣ, ನಮ್ಮ ತಾಲೂಕಿನ ಇರ್ದೆಯ ಬಳಿಯ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆಗೂ ಚರ್ಮರೋಗ ವಾಸಿಯಾಗುತ್ತದೆಂದು ಜನ ಬರುತ್ತಾರೆ. ಮುಂಬೈಯ ಕನ್ನಡಿಗರು ವಜ್ರೇಶ್ವರಿ, ಗಣೇಶಪುರಿಯ ಬಿಸಿನೀರಿನ ಕುಂಡಗಳಿಗೆ ಹೋಗುತ್ತಾರೆ. ಹೋಗಲಿ, ತಪ್ಪೇನಿಲ್ಲ. ಆದರೆ ಬೆಚ್ಚಗಿನ ತೆರೆದ ಕೊಳದಲ್ಲಿ ಮೂಗು ಹಿಡಿದೋ ಹಿಡಿಯದೆಯೋ ಮುಳುಗು ಹಾಕುವ ಅಭ್ಯಾಸವನ್ನು ಬಿಡಬೇಕು. ನೀರು ಎದೆಯವರೆಗೆ ಸಾಕು.

ತುಂಗಾತೀರ:

ಇಷ್ಟು ಶ್ರಮ ವಹಿಸಿ ಬರೆದ ಎಲ್ಲರಿಗೂ ಧನ್ಯವಾದಗಳು. ಕುಡಿಯುವ ನೀರಿನ ವಿಚಾರವನ್ನು ಇಲ್ಲಿಗೇ ಕೈಬಿಡುತ್ತೇನೆ. ಲೂಕಾಚಿಗೆ ವಾರದ ದಿನಗಳಲ್ಲಿ ಬೆಳಗ್ಗೆ ಕರೆದುಕೊಂಡು ಹೋಗುವ ಯೋಚನೆಯಿದೆ. ಮೇಡಂ, ಎರಡು ಸಂಗತಿ ಉಳಿದಿವೆ. ನೀರಿನಲ್ಲಿ ಅಮ್ಮ ಸುಮ್ಮನೆ ಕುಳಿತಿರಬೇಕೇ, ಏನಾದರೂ ಮಾಡಬೇಕೇ? ಹಾಗೆಯೇ, ಅವರಿಗೆ ಪಾದದಲ್ಲಿ ಆಗಾಗ ಜೋಮು ಹಿಡಿಯುತ್ತದೆ. ಸಕ್ಕರೆ ಕಾಯಿಲೆಯವರು ಬಿಸಿನೀರಿಗಿಳಿಯಬಾರದು ಎಂದು ನಮ್ಮ ಮನೆಯಲ್ಲಿ ಒಬ್ಬರು ಹೆದರಿಸಿದ್ದಾರೆ.

ಫಿಸಿಯೋ ಮೈಸೂರು:

ಹೆದರಬೇಕಾಗಿಲ್ಲ, ಆದರೆ ಜೋಮಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂದವಾಗಿದ್ದರೆ ನೀರು ಎಷ್ಟು ಸುಡುತ್ತಿದೆ ಎಂಬುದು ಕಾಲಿಗೆ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಹೊರಡುವ ಮುನ್ನ ಶಿವಮೊಗ್ಗದಲ್ಲೇ ವೈದ್ಯರಿಂದ ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿ. ಕೊಳದ ಪಕ್ಕದ ಫಲಕದಲ್ಲಿ ಶಾಖ ಎಷ್ಟೆಂದು ಬರೆದಿರುತ್ತದೆ, ಅದನ್ನು ಓದಿ, ನೀವು ಮೊದಲು ಮೊಣಕೈ ಅದ್ದಿ ನೋಡಿ. ಬರಿಗಾಲಿನಲ್ಲಿ ನಡೆಸಬೇಡಿ, ಜಾರದ ರಬ್ಬರ್ ಚಪ್ಪಲಿ ಇರಲಿ. ಪ್ರತಿ ಸ್ನಾನದ ನಂತರ ಬೆರಳುಗಳ ಸಂದಿಯನ್ನು ಒಣಗಿಸಿ, ಅಂಗಾಲನ್ನು ಬೆಳಕಿನಲ್ಲಿ ನೀವೇ ಒಮ್ಮೆ ನೋಡಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ, ಊಟವಾದ ತಕ್ಷಣವೂ ಬೇಡ. ಚೀಲದಲ್ಲಿ ಬಿಸ್ಕೆಟ್, ಕುಡಿಯಲು ಸಾದಾ ನೀರು ಇಟ್ಟುಕೊಳ್ಳಿ.

ಸುಮ್ಮನೆ ಕುಳಿತರೆ ಅರ್ಧ ಲಾಭ ನಷ್ಟ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಮುಂದಕ್ಕೂ ಹಿಂದಕ್ಕೂ ಅಡ್ಡಕ್ಕೂ ನಡೆಯುವುದು, ನಿಂತಲ್ಲೇ ಒಂದೊಂದೇ ಮಂಡಿಯನ್ನು ಮೇಲೆತ್ತುವುದು, ಕಾಲನ್ನು ನೇರ ಮಾಡಿ ಪಕ್ಕಕ್ಕೆ ಚಾಚುವುದು, ನೀರೊಳಗಿನ ಮೆಟ್ಟಿಲ ಮೇಲೆ ಕುಳಿತು ಏಳುವುದು, ಇಷ್ಟು ಸಾಕು. ನೀರಿನ ತಡೆಯೇ ತೂಕದ ಕೆಲಸ ಮಾಡುತ್ತದೆ. ವಾರಕ್ಕೆ ಮೂರು ಸಲ ಸಾಧ್ಯವಾದರೆ ಒಳ್ಳೆಯದು. ಸ್ನಾನದ ನಂತರ ಮಂಡಿ ಸಡಿಲವಾಗಿರುವ ಒಂದೆರಡು ಗಂಟೆಯಲ್ಲೇ ಮನೆಯಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ವ್ಯಾಯಾಮ ಮಾಡಿಸಿ: ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ತೀರ್ಥಹಳ್ಳಿಗೆ ಮರಳಿದ ಮೇಲೂ ಅವರು ಮುಂದುವರಿಸಬಹುದಾದದ್ದು ಇದೊಂದೇ, ಆದ್ದರಿಂದ ಆ ಎರಡು ತಿಂಗಳಲ್ಲಿ ಅದು ರೂಢಿಯಾಗುವಂತೆ ನೋಡಿಕೊಳ್ಳಿ.

ಕಾಗದಪತ್ರದ ಕಡೆಗೂ ಗಮನವಿರಲಿ. ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಪ್ರಮಾಣ ಮತ್ತು ಎಕ್ಸ್-ರೇ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಿಸಿಕೊಂಡು ಬರಲು ಹೇಳಿ. ಹಂಗೇರಿಯ ವೈದ್ಯರನ್ನು ಒಮ್ಮೆ ಕಾಣುವುದಾದರೆ, ಯಾವ ಕೊಳ, ಎಷ್ಟು ಹೊತ್ತು ಎಂಬುದನ್ನು ಅವರು ಆ ಪತ್ರ ನೋಡಿಯೇ ನಿರ್ಧರಿಸುತ್ತಾರೆ.